ತುಂಬುವವರು ಸಿಗುತ್ತಾರೆ, ಒರೆಸುವವರು ಬೇಕು

ನಮ್ಮಜ್ಜಿ ಕೊನೆಯವರೆಗೂ ಫ್ರಿಜ್ಜನ್ನು ಫ್ರಿಜ್ ಎಂದು ಕರೆಯಲಿಲ್ಲ. ಅವಳ ಬಾಯಲ್ಲಿ ಅದು ತಂಗಳ ಪೆಟ್ಟಿಗೆ. ಅದು ಮನೆಗೆ ಬಂದ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ಮೇಲಿಂದ ಕೆಳಗೆ ಒಂದು ಸಲ ನೋಡಿ, ‘ಇನ್ನು ನಿನ್ನೆ ಸಾರೇ ಇವತ್ತಿನ ಸಾರು ಬಿಡಿ’ ಎಂದು ಹಿತ್ತಿಲಿಗೆ ಹೋಗಿಬಿಟ್ಟಿದ್ದಳು. ಆ ಮಾತು ಈಗ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ನೆನಪಾಗುತ್ತದೆ. ಆ ಹೊತ್ತಿಗೆ ನಾನು ಒಂದು ಬಕೆಟ್ಟು, ಎರಡು ಹಳೆ ಬಟ್ಟೆ ಹಿಡಿದು, ಬೀದಿಯಲ್ಲಿ ನಿಂತ ಒಂದು ತಂಗಳ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತೇನೆ.

ನಮ್ಮ ಬಡಾವಣೆಯ ಝೆರಾಕ್ಸ್ ಅಂಗಡಿಯ ಪಕ್ಕ, ಹೊಂಗೆಮರದ ಕೆಳಗೆ, ತಗಡಿನ ಸೂರಿನಡಿ ಅದು ನಿಂತಿದೆ. ಬೀಗವಿಲ್ಲ. ಯಾರು ಬೇಕಾದರೂ ತಂದಿಡಬಹುದು, ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು. ಹೆಸರು ಕೇಳುವವರಿಲ್ಲ, ಕಾರ್ಡು ನೋಡುವವರಿಲ್ಲ, ಯಾರಿಗೂ ಕೈಮುಗಿಯಬೇಕಾಗಿಲ್ಲ. ಕಮ್ಯುನಿಟಿ ಫ್ರಿಜ್ ಎಂದು ಬೋರ್ಡು ಬರೆಸಿದ್ದೇವೆ. ಆಟೋದವರು ಅದನ್ನು ‘ಫ್ರೀ ಫ್ರಿಜ್ಜು’ ಮಾಡಿಕೊಂಡಿದ್ದಾರೆ. ಪೌರಕಾರ್ಮಿಕರು, ರಾತ್ರಿಪಾಳಿ ಮುಗಿಸಿದ ಸೆಕ್ಯುರಿಟಿಯವರು, ಡೆಲಿವರಿ ಹುಡುಗರು, ತಿಂಗಳ ಕೊನೆಗೆ ಪಿ.ಜಿ. ಹುಡುಗ ಹುಡುಗಿಯರು, ಎದುರಿನ ಕಟ್ಟಡದ ಕೆಲಸದವರು ಬಂದು ಬಾಗಿಲು ತೆಗೆಯುತ್ತಾರೆ. ತಂದಿಡುವವರಿಗೆ ಬರವಿಲ್ಲ. ಬರ ಇರುವುದು ಇನ್ನೊಂದು ಕೆಲಸಕ್ಕೆ.

ಬಾಗಿಲು ತೆಗೆದ ಕೂಡಲೇ ನೋಡಬೇಕಾದದ್ದು ಊಟವನ್ನಲ್ಲ, ಒಳಗೆ ನೇತುಹಾಕಿದ ಇನ್ನೂರು ರೂಪಾಯಿಯ ಥರ್ಮಾಮೀಟರನ್ನು. ಮುಳ್ಳು 5 ಡಿಗ್ರಿಯ ಆಚೀಚೆ ಇದ್ದರೆ ಉಸಿರು ಬಿಡಬಹುದು. ಆಮೇಲೆ ಒಳಗಿರುವುದನ್ನೆಲ್ಲ ಒಂದೊಂದಾಗಿ ಸ್ಟೂಲಿನ ಮೇಲಿಡಬೇಕು. ಪ್ರತಿ ಡಬ್ಬದ ಮೇಲೂ ಕಾಗದದ ಟೇಪು ಅಂಟಿಸಿ ಏನು, ಯಾವತ್ತು ಮಾಡಿದ್ದು ಎಂದು ಬರೆದಿರಬೇಕು ಎಂಬುದು ನಮ್ಮ ಒಪ್ಪಂದ. ಮಾರ್ಕರ್ ಪೆನ್ನನ್ನು ದಾರ ಕಟ್ಟಿ ಬಾಗಿಲಿಗೇ ತೂಗುಬಿಟ್ಟಿದ್ದೇವೆ. ತಾರೀಖು ದಾಟಿದ್ದು, ತಾರೀಖೇ ಇಲ್ಲದ್ದು ಕಸದ ಬುಟ್ಟಿಗೆ. ಬಳಿಕ ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ತಟ್ಟೆಗಳನ್ನು ಒರೆಸಿ, ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಕೂತ ಸಾಂಬಾರಿನ ಕಲೆ ಕೆದಕಿ, ಹೊಸದನ್ನು ಹಿಂದಕ್ಕೂ ಹಳೆಯದನ್ನು ಮುಂದಕ್ಕೂ ಜೋಡಿಸಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದರೆ ಮುಕ್ಕಾಲು ಗಂಟೆ. ಇಷ್ಟೇ. ಇದನ್ನು ದಿನಕ್ಕೆರಡು ಸಲ, ವರ್ಷದ 365 ದಿನವೂ ಯಾರಾದರೂ ಮಾಡಬೇಕು.

ಮೊದಲ ತಿಂಗಳು ನನಗೆ ಕಷ್ಟವಾದದ್ದು ಒರೆಸುವುದಲ್ಲ, ಎಸೆಯುವುದು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಬೈಸಿಕೊಂಡು ಬೆಳೆದವನು ನಾನು. ಒಂದು ಭಾನುವಾರ ಸ್ಟೀಲಿನ ಡಬ್ಬ ತುಂಬ ಬಿಸಿಬೇಳೆಬಾತ್ ಇತ್ತು. ಮೇಲೆ ತುಪ್ಪ ಗಟ್ಟಿಯಾಗಿ ಕೂತಿತ್ತು, ಗೋಡಂಬಿ ಕಾಣುತ್ತಿತ್ತು, ಘಮ ಇನ್ನೂ ಹೋಗಿರಲಿಲ್ಲ. ಟೇಪಿರಲಿಲ್ಲ. ಎಸೆಯಲು ಕೈ ಬರಲಿಲ್ಲ. ಬೇರೆಯವರಿಗೆ ಬಿಟ್ಟುಹೋಗಲು ಧೈರ್ಯ ಬರಲಿಲ್ಲ. ಮನೆಗೆ ತಂದು ಬಿಸಿಮಾಡಿ ನಾನೇ ತಿಂದೆ. ಮುಂದಿನ ಎರಡು ದಿನ ಹೊಟ್ಟೆ ನನ್ನ ಜತೆ ಮಾತು ಬಿಟ್ಟಿತ್ತು. ಅಂದಿನಿಂದ ಟೇಪಿಲ್ಲದ ಡಬ್ಬ ಕಂಡರೆ ಕೈ ತಡೆಯುವುದಿಲ್ಲ.

ಮೂಗನ್ನು ನಂಬಬಾರದು ಎನ್ನುವುದಕ್ಕೆ ಕಾರಣವಿದೆ. ಅಡುಗೆ ಹಳಸಿತು ಎಂದು ನಮಗೆ ತಿಳಿಸುವ ಹುಳಿವಾಸನೆ, ಲೋಳೆ ಎಲ್ಲ ಒಂದು ಜಾತಿಯ ಸೂಕ್ಷ್ಮಜೀವಿಗಳ ಕೆಲಸ. ವಾಂತಿಭೇದಿ ತರಿಸುವವು ಬಹುಮಟ್ಟಿಗೆ ಬೇರೆಯವು. ಅವು ಬಂದು ಹೋದದ್ದು ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಗೊತ್ತಾಗುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ಅವುಗಳ ಸುಗ್ಗಿ. ಒಳ್ಳೆಯ ಬೆಚ್ಚನೆ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿ ನೋಡಿ: ನಾಲ್ಕು ಗಂಟೆಯಲ್ಲಿ ಹನ್ನೆರಡು ಸಲ ಇಮ್ಮಡಿ, ಒಂದು ಇದ್ದದ್ದು ನಾಲ್ಕು ಸಾವಿರ ದಾಟಿರುತ್ತದೆ.

ನಮ್ಮವರ ಮಟ್ಟಿಗೆ ಎಲ್ಲಕ್ಕಿಂತ ಮೋಸದ್ದು ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಪಾತ್ರೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು, ಬೆಳೆದು ವಿಷ ಬಿಡುತ್ತವೆ. ಆ ವಿಷದಲ್ಲಿ ಒಂದು ಬಗೆಯದು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ‘ಒಂದು ಕುದಿ ಕುದಿಸಿದರೆ ಎಲ್ಲ ಸರಿಹೋಗುತ್ತೆ’ ಎನ್ನುವ ಮನೆಮಾತು ಇಲ್ಲಿ ಕೆಲಸಕ್ಕೆ ಬಾರದು. ಬಿಸಿ ಬಿಸಿ ಅನ್ನದ ದೊಡ್ಡ ಡಬರಿಯನ್ನು ಹಾಗೇ ತಂದು ಫ್ರಿಜ್ಜಿಗೆ ತುರುಕುವವರು ಒಳ್ಳೆಯ ಮನಸ್ಸಿನವರೇ. ಆದರೆ ಡಬರಿಯ ನಡುಭಾಗ ರಾತ್ರಿಯಿಡೀ ಬೆಚ್ಚಗಿರುತ್ತದೆ, ಜತೆಗೆ ಪಕ್ಕದ ಹಾಲಿನ ಪ್ಯಾಕೆಟ್ಟನ್ನೂ ಬೆಚ್ಚಗೆ ಮಾಡುತ್ತದೆ. ಅಗಲವಾದ ತಟ್ಟೆಯಲ್ಲಿ ಹರವಿ, ಫ್ಯಾನಿನಡಿ ಬೇಗ ಆರಿಸಿ, ಒಬ್ಬರಿಗೆ ಒಂದು ಹೊತ್ತಿಗಾಗುವಷ್ಟನ್ನು ಚಿಕ್ಕ ಡಬ್ಬಗಳಲ್ಲಿ ತುಂಬಿ ತನ್ನಿ ಎಂದು ಹೇಳಿ ಹೇಳಿ ನಮ್ಮ ಬಾಯಿ ಸೋತಿದೆ.

ಬೀದಿಯ ಫ್ರಿಜ್ ಹೊಸ ಯೋಚನೆ, ಆದರೆ ಬಹಳ ಹೊಸದೇನಲ್ಲ. ಜರ್ಮನಿಯಲ್ಲಿ ಆಹಾರ ಪೋಲಿನ ಮೇಲೆ ಸಾಕ್ಷ್ಯಚಿತ್ರ ತೆಗೆದ ವ್ಯಾಲೆಂಟಿನ್ ಥುರ್ನ್ ಮತ್ತಿತರರು ಸೇರಿ 2012ರಲ್ಲಿ ಫುಡ್‌ಶೇರಿಂಗ್ ಎಂಬ ಕೂಟ ಕಟ್ಟಿದರು. ಅಂಗಡಿಗಳಲ್ಲಿ ಮಿಕ್ಕಿದ್ದನ್ನು ಸ್ವಯಂಸೇವಕರು ತಂದು ಅಲ್ಲಲ್ಲಿ ಇಟ್ಟ ಫ್ರಿಜ್ಜುಗಳಿಗೆ, ಕಪಾಟುಗಳಿಗೆ ತುಂಬುವುದು ಅವರ ಪದ್ಧತಿ. ಆ ಜಾಗಗಳಿಗೆ ಅವರಿಟ್ಟ ಹೆಸರು ‘ಫೇರ್‌ಟೈಲರ್’. ಹಂಚುವವನು ಎನ್ನುವ ಜರ್ಮನ್ ಮಾತಿನೊಳಗೆ ‘ನ್ಯಾಯ’ ಎನ್ನುವ ಅರ್ಥ ಸೇರಿಸಿದ ಶ್ಲೇಷೆ.

ಅಲ್ಲಿಂದ ಕೇಳಿ ತಿಳಿದು, ಸ್ಪೇನಿನ ಬಾಸ್ಕ್ ಸೀಮೆಯಲ್ಲಿ, ಬಿಲ್ಬಾವೊ ಹತ್ತಿರದ ಗಲ್ದಾಕಾವ್ ಎಂಬ ಪಟ್ಟಣದಲ್ಲಿ ಆಲ್ವಾರೊ ಸಾಯಿಸ್ ಎಂಬುವರು 2015ರಲ್ಲಿ ರಸ್ತೆ ಬದಿ ಒಂದು ಫ್ರಿಜ್ ನಿಲ್ಲಿಸಿದರು. ಊರಿನ ಆಡಳಿತ ಒಪ್ಪಿ ದುಡ್ಡೂ ಕೊಟ್ಟಿತು. ಯಾರೋ ಬಿಸಾಡಿದ ಹಳೇ ಫ್ರಿಜ್ ಎಂದು ಜನ ತಿಳಿಯದಿರಲಿ ಎಂದು ಸುತ್ತ ಪುಟ್ಟದೊಂದು ಮರದ ಬೇಲಿ ಕಟ್ಟಿದರು. ಆ ಬೇಲಿ ನನಗೆ ಬಹಳ ಇಷ್ಟವಾದ ವಿವರ. ಹಸಿ ಮಾಂಸ, ಹಸಿ ಮೀನು, ಹಸಿ ಮೊಟ್ಟೆ ಇಡುವಂತಿಲ್ಲ. ಮನೆಯಲ್ಲಿ ಮಾಡಿದ್ದರ ಮೇಲೆ ಮಾಡಿದ ದಿನ ಬರೆದಿರಬೇಕು. ನಾಲ್ಕು ದಿನವಾದರೆ ಸ್ವಯಂಸೇವಕರು ತೆಗೆದೆಸೆಯುತ್ತಾರೆ. ಇಂದು ಜಗತ್ತಿನಲ್ಲಿ ಎಲ್ಲಿ ಇಂಥ ಫ್ರಿಜ್ ನೋಡಿದರೂ ಹೆಚ್ಚುಕಡಿಮೆ ಈ ನಿಯಮಗಳೇ ಬಾಗಿಲ ಮೇಲೆ ಅಂಟಿರುತ್ತವೆ. ಬ್ರಿಟನ್ನಿನ ಫ್ರೋಮ್ ಪಟ್ಟಣದಲ್ಲಿ 2016ರಲ್ಲಿ ಒಂದು ಬಂತು. ಆಮೇಲೆ ಹಬಬ್ ಎಂಬ ಸಂಸ್ಥೆಯ ಜಾಲದಲ್ಲಿ ಅವು ನೂರಾರಾದವು. ದುಬೈಯಲ್ಲಿ ಅದೇ 2016ರಿಂದ ರಂಜಾನ್ ತಿಂಗಳಲ್ಲಿ ಮನೆಗಳ ಹೊರಗೆ ಫ್ರಿಜ್ ಇಟ್ಟು ಕಟ್ಟಡ ಕಾರ್ಮಿಕರಿಗೆ, ತೋಟದ ಆಳುಗಳಿಗೆ ಹಣ್ಣು, ನೀರು, ಲಬನ್ ಎಂದು ಅಲ್ಲಿನವರು ಕರೆಯುವ ಮಜ್ಜಿಗೆ ತುಂಬುವ ರೂಢಿ ಬಿತ್ತು. ಆ ಮಜ್ಜಿಗೆ ಕುಡಿದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರು.

ದೊಡ್ಡ ಅಲೆ ಎದ್ದದ್ದು 2020ರಲ್ಲಿ, ನ್ಯೂಯಾರ್ಕಿನಲ್ಲಿ. ಕೊರೊನಾದಿಂದ ಕೆಲಸ ಹೋಗಿ, ಆಹಾರ ವಿತರಣೆಯ ಕೇಂದ್ರಗಳ ಮುಂದೆ ಬೀದಿಯುದ್ದ ಸಾಲು ಬೆಳೆದಾಗ, ಬ್ರೂಕ್ಲಿನ್, ಬ್ರಾಂಕ್ಸ್ ಕಡೆ ಮೂಲೆ ಅಂಗಡಿಗಳಿಂದ ಒಂದು ವೈರು ಎಳೆದು ಫುಟ್‌ಪಾತಿನ ಮೇಲೆ ಫ್ರಿಜ್ಜುಗಳು ನಿಂತವು. ಚಿತ್ರಕಾರರು ಬಣ್ಣ ಬಳಿದರು. ಬೇಕಾದ್ದು ತಗೊಳ್ಳಿ, ಆದದ್ದು ಇಡಿ ಎನ್ನುವ ಅರ್ಥದ ಬರಹ ಎಲ್ಲೆಡೆ. ಅಲ್ಲಿನ ಸ್ವಯಂಸೇವಕರು ಬೇಗನೆ ಕಂಡುಕೊಂಡ ಸಂಗತಿ: ಬ್ರೆಡ್ಡು, ಬನ್ನು ತಾನಾಗಿಯೇ ಬಂದು ಬೀಳುತ್ತದೆ, ತಾಜಾ ತರಕಾರಿ, ಹಣ್ಣು, ಹಾಲು ಬರುವುದಿಲ್ಲ. ಮಿಗುವುದು ಯಾವತ್ತೂ ಅಗ್ಗದ್ದೇ. ಹಾಗಾಗಿ ತಾಜಾದ್ದನ್ನು ದುಡ್ಡು ಕೊಟ್ಟು ಕೊಂಡೋ, ಮಾರುಕಟ್ಟೆಯಲ್ಲಿ ಕೇಳಿ ತಂದೋ ತುಂಬುವ ಪಾಳಿ ಹುಟ್ಟಿಕೊಂಡಿತು.

ಅಮೆರಿಕದಲ್ಲಿ ಬೀದಿಯ ಫ್ರಿಜ್ಜಿಗೆ ಒಂದು ವಿಚಿತ್ರ ಅಡ್ಡಿಯಿತ್ತು, ಹೇಳಿಬಿಡುತ್ತೇನೆ. ಹಿಂದಿನ ಕಾಲದ ಫ್ರಿಜ್ಜಿನ ಬಾಗಿಲಿಗೆ ಚಿಲಕ ಇರುತ್ತಿತ್ತು; ಒಳಗಿನಿಂದ ತೆಗೆಯಲಾಗುತ್ತಿರಲಿಲ್ಲ. ಬಿಸಾಡಿದ ಫ್ರಿಜ್ಜಿನೊಳಗೆ ಕಣ್ಣಾಮುಚ್ಚಾಲೆ ಆಡಲು ಹೊಕ್ಕ ಮಕ್ಕಳು ಉಸಿರುಕಟ್ಟಿ ಸತ್ತರು. 1956ರಲ್ಲಿ ಕಾನೂನು ಬಂದು ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಎಂದಾಯಿತು. ಇಂದು ನಿಮ್ಮ ಮನೆಯ ಫ್ರಿಜ್ ಅಯಸ್ಕಾಂತದ ರಬ್ಬರಿನಿಂದ ಮುಚ್ಚಿಕೊಳ್ಳುವುದರ ಹಿಂದೆ ಆ ಮಕ್ಕಳಿದ್ದಾರೆ. ಬೀದಿಯಲ್ಲಿ ನಿಂತ ಫ್ರಿಜ್ ಎಂದರೆ ಅಪಾಯ ಎಂಬ ಭಯ ಅಲ್ಲಿನ ಊರಾಡಳಿತಗಳಿಗೆ ಅಂದಿನಿಂದಲೂ ಇದೆ. ಗಲ್ದಾಕಾವ್‌ನ ಬೇಲಿ ಸುಮ್ಮನೆ ಚೆಂದಕ್ಕಲ್ಲ.

ನಮ್ಮ ಕಡೆ ಮೊದಲು ಸುದ್ದಿಯಾದದ್ದು ಕೊಚ್ಚಿ. ಅಲ್ಲಿನ ಕಲೂರಿನಲ್ಲಿ ಪಪ್ಪಡವಡ ಎಂಬ ಹೋಟೆಲ್ ನಡೆಸುತ್ತಿದ್ದ ಮಿನು ಪಾಲಿನ್, ರಾತ್ರಿ ಹೊತ್ತು ಕಸದ ತೊಟ್ಟಿ ಕೆದಕುತ್ತಿದ್ದ ಹೆಂಗಸೊಬ್ಬಳನ್ನು ನೋಡಿ 2016ರಲ್ಲಿ ಹೋಟೆಲಿನ ಹೊರಗೆ 420 ಲೀಟರಿನ ಫ್ರಿಜ್ ಇಟ್ಟರು. ಹೆಸರು ನನ್ಮಮರಂ, ಎಂದರೆ ಒಳಿತಿನ ಮರ. ಮರುವರ್ಷ ಚೆನ್ನೈಯಲ್ಲಿ ಹಲ್ಲಿನ ವೈದ್ಯೆ ಇಸ್ಸಾ ಫಾತಿಮಾ ಜಾಸ್ಮಿನ್ ಬೆಸೆಂಟ್ ನಗರದಲ್ಲಿ ಒಂದು ನಿಲ್ಲಿಸಿದರು. ಅದಕ್ಕಿಟ್ಟ ಹೆಸರು ‘ಅಯ್ಯಮಿಟ್ಟು ಉಣ್’. ತಮಿಳು ಮಕ್ಕಳು ಅಕ್ಷರ ಕಲಿಯುವಾಗಲೇ ಬಾಯಿಪಾಠ ಮಾಡುವ ಅವ್ವೈಯಾರ್‌ಳ ಬುದ್ಧಿಮಾತು. ನಮಗೆ ಅನುವಾದವೇ ಬೇಡ: ಇಟ್ಟು, ಉಣ್ಣು. ಕೊಟ್ಟು ಆಮೇಲೆ ತಿನ್ನು. ಪಕ್ಕದಲ್ಲಿ ಬಟ್ಟೆ, ಪುಸ್ತಕಗಳಿಗೂ ಕಪಾಟು ಇಟ್ಟರು. ಎಲ್ಲಕ್ಕಿಂತ ಜಾಣತನದ ಕೆಲಸವೆಂದರೆ, ನೋಡಿಕೊಳ್ಳಲು ಸಂಬಳದ ಕಾವಲುಗಾರನನ್ನು ಕೂರಿಸಿದರು. ಚೆನ್ನೈಯಿಂದ ಆ ಮಾದರಿ ಬೆಂಗಳೂರಿಗೂ ಬಂತು.

ಇಲ್ಲಿ ನನಗೆ ಅರವಟಿಗೆ ನೆನಪಾಗುತ್ತದೆ. ಬೇಸಿಗೆ ಬಂದರೆ ದಾರಿಬದಿ ಚಪ್ಪರ ಹಾಕಿ, ಮರಳ ಮೇಲೆ ಮಣ್ಣಿನ ಹಂಡೆ ಕೂರಿಸಿ ನೀರು, ಮಜ್ಜಿಗೆ ಕೊಡುವ ನಮ್ಮ ಹಳೇ ಪದ್ಧತಿ. ಕರ್ನಾಟಕದ ಶಾಸನಗಳಲ್ಲಿ ಅರವಂಟಿಗೆಗೆ ಭೂಮಿ ದತ್ತಿ ಬಿಟ್ಟ ಉಲ್ಲೇಖಗಳಿವೆ. ನೀರು ಕೊಡಲು ಹೊಲ ಯಾಕೆ? ಚಪ್ಪರ ಹಾಕುವುದು ಒಂದು ದಿನದ ಕೆಲಸ. ದಿನಾ ನೀರು ಹೊತ್ತು, ಹಂಡೆ ತೊಳೆದು, ಅಲ್ಲೇ ಕೂತಿರುವವನ ಹೊಟ್ಟೆಗೆ ಏನಾದರೂ ಬೇಕಲ್ಲ, ಅದಕ್ಕೆ. ಕೊಡುವವನ ಉತ್ಸಾಹ ಮೂರು ದಿನದ್ದು ಎಂದು ನಮ್ಮ ಹಿರೀಕರಿಗೆ ಗೊತ್ತಿತ್ತು. ನಾವು ಮಾತ್ರ ರಿಬ್ಬನ್ ಕತ್ತರಿಸಿ ಮನೆಗೆ ಹೋಗುತ್ತೇವೆ.

ನಮ್ಮ ಫ್ರಿಜ್ಜಿನ ವಾಟ್ಸ್ಯಾಪ್ ಗುಂಪಿನಲ್ಲಿ 86 ಜನ ಇದ್ದಾರೆ. ‘ನಾಳೆ ಬೆಳಿಗ್ಗೆ ಯಾರು?’ ಎಂದು ಕೇಳಿದರೆ ಮೂವತ್ತು ಕೈಮುಗಿಯುವ ಚಿತ್ರಗಳು ಬರುತ್ತವೆ, ಆಳು ಬರುವುದಿಲ್ಲ. ದುಡಿಯುವವರು ಏಳೆಂಟು ಜನ. ಅವರಲ್ಲಿ ಮೂವರು ನಿವೃತ್ತರು, ಒಬ್ಬಾಕೆ ಬಿ.ಕಾಂ. ಓದುವ ಹುಡುಗಿ, ಒಬ್ಬರು ಝೆರಾಕ್ಸ್ ಅಂಗಡಿಯವರೇ. ಕರೆಂಟು ಅವರದು, ದಿನಕ್ಕೆ ಒಂದೆರಡು ಯೂನಿಟ್ಟು ಸುಡುತ್ತದೆ, ನಾವು ತಿಂಗಳಿಗೆ ನಾನೂರು ರೂಪಾಯಿ ಕೊಡುತ್ತೇವೆ, ಅವರು ಪ್ರತಿ ಸಲವೂ ಬೇಡ ಎನ್ನುತ್ತಾರೆ, ಪ್ರತಿ ಸಲವೂ ತೆಗೆದುಕೊಳ್ಳುತ್ತಾರೆ. ಕರೆಂಟು ಹೋದರೆ ಬಾಗಿಲ ಮೇಲೆ ‘ತೆಗೆಯಬೇಡಿ’ ಎಂಬ ಚೀಟಿ ಅಂಟಿಸುವುದೂ ಅವರೇ. ಮುಚ್ಚಿಟ್ಟ ಫ್ರಿಜ್ ನಾಲ್ಕು ಗಂಟೆಯಷ್ಟು ತಂಪು ಹಿಡಿದಿಟ್ಟುಕೊಳ್ಳುತ್ತದೆ. ತೆಗೆದರೆ ಮುಗಿಯಿತು, ತಣ್ಣನೆಯ ಗಾಳಿ ಭಾರ, ಬಾಗಿಲು ತೆರೆದ ಕೂಡಲೇ ನೀರಿನ ಹಾಗೆ ಕಾಲಬುಡಕ್ಕೆ ಸುರಿದು ಹೋಗುತ್ತದೆ. ಏಪ್ರಿಲಿನಲ್ಲಿ ಮಧ್ಯಾಹ್ನ ಹತ್ತು ಜನ ಸಾಲಾಗಿ ಬಾಗಿಲು ತೆಗೆದರೆ ಮುಳ್ಳು 9 ಮುಟ್ಟಿದ್ದನ್ನು ನೋಡಿದ್ದೇನೆ.

ಹಬ್ಬದ ದಿನ ಜಾಗ ಸಾಲುವುದಿಲ್ಲ. ಗೌರಿ ಗಣೇಶಕ್ಕೆ ಕಡುಬಿನ ಮೇಲೆ ಕಡುಬು, ಆಯುಧಪೂಜೆಗೆ ಬರೀ ಪುಳಿಯೋಗರೆ. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ವಡೆಗಳ ರಾಶಿ ಬಿದ್ದಿತ್ತು. ಆಟೋದವರೊಬ್ಬರು ಡಬ್ಬ ಕೈಗೆತ್ತಿಕೊಂಡು, ‘ತಿಥಿ ಊಟಾನಾ ಸಾರ್?’ ಎಂದು ಕೇಳಿ, ನಾನು ತಡವರಿಸಿದ್ದು ನೋಡಿ, ಮೆಲ್ಲಗೆ ವಾಪಸ್ಸಿಟ್ಟರು. ಅಂದಿನಿಂದ ಟೇಪಿನ ಮೇಲೆ ಆ ವಿಷಯವನ್ನೂ ಬರೆಯಿರಿ ಎಂದು ಕೇಳುತ್ತೇವೆ. ಆಮೇಲೆ ತಿಂಗಳ ನಡುವಿನ ಒಂದು ಮಂಗಳವಾರ ಬರುತ್ತದೆ. ಹಬ್ಬವಿಲ್ಲ, ಹುಟ್ಟುಹಬ್ಬವಿಲ್ಲ, ಫ್ರಿಜ್ಜಿನಲ್ಲಿ ಅರ್ಧ ನಿಂಬೆಹಣ್ಣು. ಹಸಿವು ಮಂಗಳವಾರವೂ ಇರುತ್ತದೆ. ಆದ್ದರಿಂದ ತುಂಬುವವರಿಗೂ ಪಾಳಿ ಹಾಕಿದೆವು. ಮೂರನೇ ಕ್ರಾಸಿನವರಿಗೆ ಸೋಮವಾರ ಚಪಾತಿ, ಅಪಾರ್ಟ್‌ಮೆಂಟಿನವರಿಗೆ ಮಂಗಳವಾರ ಮೊಸರನ್ನ, ಹೀಗೆ. ಆರು ಚಪಾತಿಗೆ ಹಿಟ್ಟು ಕಲಸುವಲ್ಲಿ ಹನ್ನೆರಡಕ್ಕೆ ಕಲಸುವುದು, ಅಷ್ಟೇ ನಾವು ಕೇಳುವುದು. ಮಿಕ್ಕಿದ್ದನ್ನು ಕೊಡಬೇಡಿ, ಕೊಡಲೆಂದೇ ಮಾಡಿ. ನಮ್ಮಜ್ಜಿಯ ಮಾತು ಸುಳ್ಳಾಗಬೇಕಾದರೆ ಇದೊಂದೇ ದಾರಿ.

ಏನು ತರಬೇಕು ಎನ್ನುವುದಕ್ಕೆ ಉತ್ತರ ನಮ್ಮ ಬುತ್ತಿಯಲ್ಲೇ ಇದೆ. ಎರಡು ದಿನದ ಪ್ರಯಾಣಕ್ಕೆ ಹಿಂದಿನವರು ಏನು ಕಟ್ಟಿಕೊಂಡು ಹೋಗುತ್ತಿದ್ದರೋ ಅದೇ ಬೀದಿಯ ಫ್ರಿಜ್ಜಿಗೂ ಒಳ್ಳೆಯದು. ಹುಣಸೆಹುಳಿ ಧಾರಾಳವಾಗಿ ಬಿದ್ದ ಪುಳಿಯೋಗರೆ ತೆಂಗಿನಕಾಯಿ ಚಟ್ನಿಗಿಂತ ಎಷ್ಟೋ ಗಟ್ಟಿ. ಹುಳಿಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯಲಾರವು. ಕಾಯಿಚಟ್ನಿ ಮಧ್ಯಾಹ್ನದೊಳಗೆ ತಿರುಗಿಬೀಳುತ್ತದೆ, ತರಲೇಬೇಡಿ. ಖಡಕ್ ಜೋಳದ ರೊಟ್ಟಿಗಂತೂ ಫ್ರಿಜ್ಜೇ ಬೇಡ: ನೀರಿನಂಶವೇ ಇಲ್ಲದ ಮೇಲೆ ಏನು ಬೆಳೆದೀತು? 2018ರಲ್ಲಿ ಕೊಡಗು ಮಳೆಗೆ ಕುಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ರೊಟ್ಟಿಯ ಮೂಟೆಗಳು ಹೊರಟದ್ದು ಇದೇ ಕಾರಣಕ್ಕೆ. ನಮ್ಮ ಫ್ರಿಜ್ಜಿನ ಪಕ್ಕ ಒಂದು ಬಿದಿರಿನ ಬುಟ್ಟಿಯಿದೆ. ರೊಟ್ಟಿ, ಶೇಂಗಾ ಚಟ್ನಿಪುಡಿ ಅದರಲ್ಲಿ. ಬಾಳೆಹಣ್ಣೂ ಅದರಲ್ಲೇ, ಫ್ರಿಜ್ಜಿಗೆ ಹೋದರೆ ಸಿಪ್ಪೆ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಯಾರೂ ಮುಟ್ಟುವುದಿಲ್ಲ. ಸೌತೆಕಾಯಿ, ಕ್ಯಾರೆಟ್ಟು, ಮೂಸಂಬಿ, ಮೊಸರಿನ ಸಣ್ಣ ಪ್ಯಾಕೆಟ್ಟು ಇಟ್ಟ ಹತ್ತು ನಿಮಿಷಕ್ಕೆ ಖಾಲಿ. ನಮ್ಮ ಬೀದಿ ಗುಡಿಸುವ ಅಕ್ಕ ಒಮ್ಮೆ ಬಾಗಿಲು ತೆಗೆದು, ಮೂರು ಬಗೆಯ ಸಿಹಿ ನೋಡಿ, ‘ಸ್ವೀಟ್ ತಿಂದ್ಕೊಂಡು ಪೊರಕೆ ಹಿಡಿಯೋಕಾಗುತ್ತಾ ಅಣ್ಣಾ, ಒಂಚೂರು ಮೊಸರಿಲ್ವಾ?’ ಎಂದು ಕೇಳಿದ್ದಳು. ಆಕೆಗೆ ಸಕ್ಕರೆ ಕಾಯಿಲೆ.

ಬೇಯಿಸಿದ ಮೊಟ್ಟೆ ಇನ್ನೂ ಒಳ್ಳೆಯದು. ಸಿಪ್ಪೆ ಸುಲಿಯದೆ ಇಟ್ಟರೆ ತಂಪಿನಲ್ಲಿ ವಾರ ತಡೆಯುತ್ತದೆ, ಹೊಟ್ಟೆಗೂ ಆಧಾರ. ಆದರೆ ನಮ್ಮ ಬಡಾವಣೆಯ ಸಭೆಯಲ್ಲಿ ಮೊಟ್ಟೆಗೆ ಬಹುಮತ ಸಿಗಲಿಲ್ಲ. ಶಾಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬರುವಾಗ ರಾಜ್ಯದಲ್ಲಿ ಎದ್ದ ಗಲಾಟೆಯ ಝೆರಾಕ್ಸ್ ಪ್ರತಿಯಂತಿತ್ತು ಆ ಸಭೆ. ಒಬ್ಬರು ಎದ್ದು, ‘ಯಾರ ಕೈ ಅಡುಗೆ ಅಂತ ಗೊತ್ತಿಲ್ಲದೆ ತಿನ್ನೋದು ಹೇಗೆ?’ ಎಂದೂ ಕೇಳಿದರು. ಅವರು ತಿನ್ನಲು ಬರುವವರಲ್ಲ, ಇಡಲು ಬರುವವರು. ಸ್ಪೇನಿನಲ್ಲಿ ಈ ಪ್ರಶ್ನೆ ಎದ್ದಿರಲಾರದು. ಪಂಕ್ತಿಯಲ್ಲಿ ಕೂತವರಿಗೆ ಪಕ್ಕದವರು ಯಾರು, ಬಡಿಸುವವರು ಯಾರು ಎಂದು ಕಾಣುತ್ತದೆ. ಫ್ರಿಜ್ಜಿನಲ್ಲಿ ಎರಡೂ ಕಡೆಯವರು ಬಾಗಿಲ ಹಿಂದೆ. ಕೊಟ್ಟವರ ಮುಖ ತಿಂದವರಿಗೆ ಗೊತ್ತಿಲ್ಲ, ತಿಂದವರ ಜಾತಿ ಕೊಟ್ಟವರಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಈ ಪೆಟ್ಟಿಗೆಯ ನಿಜವಾದ ಉಪಯೋಗ ಇದೇ. ಅದಕ್ಕೇ ಫೋಟೊ ನಿಷೇಧ. ಹುಟ್ಟುಹಬ್ಬಕ್ಕೆ ನೂರು ಪೊಟ್ಟಣ ತಂದವರೊಬ್ಬರು ಕ್ಯಾಮೆರಾದವನನ್ನೂ ಕರೆತಂದಿದ್ದರು. ಪೊಟ್ಟಣ ಇಳಿಸಿಕೊಂಡು ಕ್ಯಾಮೆರಾ ವಾಪಸ್ ಕಳಿಸಿದೆವು. ಅವರು ಮತ್ತೆ ಬಂದಿಲ್ಲ.

ದೊಡ್ಡ ಲೆಕ್ಕದಲ್ಲಿ ಇದೆಲ್ಲ ಎಷ್ಟು? ಬಹಳ ಸಣ್ಣದು, ಒಪ್ಪಿಕೊಳ್ಳೋಣ. ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೊ ಎಂಬ ಅಂದಾಜು. ಬೆಂಗಳೂರಿನ ಮದುವೆ ಊಟಗಳಲ್ಲೇ ವರ್ಷಕ್ಕೆ 943 ಟನ್ ಪೋಲಾಗುತ್ತದೆ ಎಂದು ಇಲ್ಲಿನ ಕೃಷಿ ವಿಶ್ವವಿದ್ಯಾಲಯ 2012ರಲ್ಲಿ ಲೆಕ್ಕ ಹಾಕಿತ್ತು. ಮದುವೆ ಮನೆಯ ಕೊಪ್ಪರಿಗೆ ನಮ್ಮ ಫ್ರಿಜ್ಜಿಗೆ ಹಿಡಿಸುವುದಿಲ್ಲ, ಹಿಡಿಸಲೂಬಾರದು. ಅದಕ್ಕೆ ಫೋನು ಮಾಡಿದರೆ ಬಂದು ಬಿಸಿಬಿಸಿಯಾಗಿಯೇ ಒಯ್ದು ಹಂಚುವ ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕರ ಪಡೆಗಳಿವೆ. ಹಸಿವಿನ ವಿಷಯಕ್ಕೆ ಬಂದರೆ, 2017ರಲ್ಲಿ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟ ಇಂದಿರಾ ಕ್ಯಾಂಟೀನಿನ ಒಂದು ಹೊತ್ತಿನ ಕೆಲಸವನ್ನು ನಾವು ಒಂದು ವರ್ಷದಲ್ಲೂ ಮಾಡಲಾರೆವು. ಫ್ರಿಜ್ ಇದೆಯಲ್ಲ ಎಂದು ಸರ್ಕಾರ ಕೈತೊಳೆದುಕೊಂಡರೆ ಮೊದಲು ಫ್ರಿಜ್ಜನ್ನೇ ತೆಗೆಸಬೇಕು. ನಮ್ಮದು ಕ್ಯಾಂಟೀನು ಮುಚ್ಚಿದ ಮೇಲಿನ ರಾತ್ರಿ ಹನ್ನೊಂದು ಗಂಟೆಗೆ, ತೆರೆಯುವ ಮುಂಚಿನ ಬೆಳಗಿನ ಐದು ಗಂಟೆಗೆ.

ಕಾನೂನು ಏನು ಹೇಳುತ್ತದೆ ಎಂದು ಹಲವರು ಕೇಳುತ್ತಾರೆ. ಅಮೆರಿಕದಲ್ಲಿ 1996ರ ಒಂದು ಕಾಯ್ದೆ ಒಳ್ಳೆಯ ಮನಸ್ಸಿನಿಂದ ಆಹಾರ ದಾನ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಬರ್ಲಿನ್ನಿನಲ್ಲಿ ತದ್ವಿರುದ್ಧ: 2016ರಲ್ಲಿ ಆಹಾರ ತಪಾಸಣೆಯವರು ಬೀದಿ ಫ್ರಿಜ್ಜುಗಳನ್ನು ಹೋಟೆಲಿನಂತೆಯೇ ಆಹಾರ ಉದ್ಯಮ ಎಂದು ಎಣಿಸಿದರು, ದೊಡ್ಡ ಜಟಾಪಟಿಯಾಯಿತು. ನಮ್ಮಲ್ಲಿ ಮಿಕ್ಕ ಆಹಾರದ ಸಂಗ್ರಹ, ವಿತರಣೆಗೆಂದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಾವಳಿ ತಂದಿದೆ. ಹಂಚುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ದಾಖಲೆ ಇಡಬೇಕು. ಕಿರಿಕಿರಿ ಎನ್ನುವವರಿದ್ದಾರೆ. ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದವನಾದ್ದರಿಂದ ನಾನು ರಿಜಿಸ್ಟರಿನ ಪಕ್ಷ. ಪುಕ್ಕಟೆ ಸಿಗುವ ಊಟಕ್ಕೆ ತಾರೀಖು ಬೇಡ ಎನ್ನುವವನು ತನ್ನ ಮನೆಯ ಹಾಲಿನ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಯೇ ಕೊಳ್ಳುತ್ತಾನೆ.

ಆ ಬಿಸಿಬೇಳೆಬಾತಿನ ಸ್ಟೀಲ್ ಡಬ್ಬ ಮೂರನೇ ಕ್ರಾಸಿನ ಮೇಡಮ್ಮಿನದಂತೆ. ತೊಳೆದು ಕೊಟ್ಟೆ, ಟೇಪಿನ ವಿಷಯವನ್ನೂ ಹೇಳಿದೆ. ಹೊಟ್ಟೆಯ ವಿಷಯ ಹೇಳಲಿಲ್ಲ. ‘ಸ್ಟೀಲ್ ಡಬ್ಬದಲ್ಲಿ ಇಡಬೇಡಿ, ವಾಪಸ್ ಬರಲ್ಲ’ ಎಂದೂ ಸೇರಿಸಿದೆ. ಅವರು ಕೇಳುವವರಲ್ಲ. ಕಳೆದ ತಿಂಗಳು ಅದೇ ಡಬ್ಬದಲ್ಲಿ ಚಿತ್ರಾನ್ನ ಇಟ್ಟರು, ಈ ಸಲ ತಾರೀಖು, ಗಂಟೆ, ‘ಖಾರ ಕಮ್ಮಿ’ ಎಲ್ಲ ಬರೆದು. ಡಬ್ಬ ಹೋಯಿತು. ವಾರ ಕಳೆಯಿತು. ಮುಂದಿನ ಭಾನುವಾರ ನಾನು ಬಾಗಿಲು ತೆಗೆದಾಗ ಕೆಳಗಿನ ತಟ್ಟೆಯಲ್ಲಿ ಅದೇ ಡಬ್ಬ ಇತ್ತು, ಬೂದಿ ಹಾಕಿ ತಿಕ್ಕಿದ ಹಾಗೆ ಫಳಫಳ. ಒಳಗೆ ನುಗ್ಗೆಸೊಪ್ಪು. ಎದುರಿನ ಕಟ್ಟಡದ ಕೆಲಸದವರು ಶೆಡ್ಡು ಹಾಕಿಕೊಂಡ ಸೈಟಿನಲ್ಲಿ ಒಂದು ನುಗ್ಗೆಮರವಿದೆ. ಸೊಪ್ಪನ್ನು ಸುಮ್ಮನೆ ಮುರಿದು ತುಂಬಿರಲಿಲ್ಲ. ಒಂದು ಕಡ್ಡಿಯೂ ಉಳಿಯದಂತೆ ಎಲೆ ಎಲೆಯಾಗಿ ಬಿಡಿಸಿದ್ದರು. ನುಗ್ಗೆಸೊಪ್ಪು ಬಿಡಿಸಿದವರಿಗೆ ಗೊತ್ತು, ಅದು ಮುಕ್ಕಾಲು ಗಂಟೆಯ ಕೆಲಸ.

ಟೇಪಿರಲಿಲ್ಲ. ನಾನೇ ಆ ದಿನದ ತಾರೀಖು ಬರೆದು ಅಂಟಿಸಿದೆ. ತಟ್ಟೆಗಳನ್ನು ಒರೆಸಿ ಮುಗಿಸುವವರೆಗೂ ಯಾರೂ ಬರಲಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂಬ ಬೋರ್ಡನ್ನು ಒಂದೂವರೆ ವರ್ಷದಿಂದ ಒರೆಸುತ್ತಾ ಬಂದಿದ್ದೇನೆ, ಆ ‘ಯಾರು ಬೇಕಾದರೂ’ ಒಳಗೆ ನಾನೂ ಇದ್ದೇನೆ ಎಂದು ಅಂದೇ ಹೊಳೆದದ್ದು. ಆಚೀಚೆ ನೋಡಿ, ಅರ್ಧ ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು, ರಿಜಿಸ್ಟರಿನಲ್ಲಿ ‘ತೆಗೆದುಕೊಂಡದ್ದು: ನುಗ್ಗೆಸೊಪ್ಪು, ಅರ್ಧ ಡಬ್ಬ’ ಎಂದು ಬರೆದು ಸಹಿ ಮಾಡಿದೆ.

‘ಬಿಡಿಸಿದ ಸೊಪ್ಪಾ!’ ಎಂದರು ಮನೆಯವರು ಚೀಲ ಬಗ್ಗಿಸುತ್ತಾ. ‘ಎಷ್ಟು ಕೊಟ್ರಿ?’